ಗ್ರೀಕರೆಲ್ಲ ಒಟ್ಟಾಗಿ ಪರ್ಷಿಯಾದ ವಿರುದ್ಧ ನಿಂತರು ಅನ್ನೋದು ನಿಜವೇ?

ತುಂಗೆ_ದಡ
ಮಗಳು ಒಂಬತ್ತನೇ ಕ್ಲಾಸು. ಶಾಲೆಯಲ್ಲಿ ಗ್ರೀಕ್ ನಗರ ರಾಜ್ಯಗಳ ಬಗ್ಗೆ ಐದು ನಿಮಿಷ ಮಾತಾಡಬೇಕಂತೆ. ನಾನು ಬರೆದುಕೊಡುತ್ತೇನೆ ಎಂದು ಒಪ್ಪಿಕೊಂಡು ಈಗ ಸಿಕ್ಕಿಹಾಕಿಕೊಂಡಿದ್ದೇನೆ.

ನೆನಪಿದ್ದಷ್ಟು ಬರೆದೆ. ಯುದ್ಧಗಳು ನಾಲ್ಕು: ಕ್ರಿ.ಪೂ. 490ರಲ್ಲಿ ಮ್ಯಾರಥಾನ್, 480ರಲ್ಲಿ ಥರ್ಮೊಪಿಲೆ ಮತ್ತು ಸಲಾಮಿಸ್, 479ರಲ್ಲಿ ಪ್ಲಟಿಯಾ. ಗ್ರೀಕರೆಲ್ಲ ಜಗಳ ಮರೆತು ಒಂದಾದರು, ಪರ್ಷಿಯಾವನ್ನು ಓಡಿಸಿದರು. ಇಷ್ಟೇ ತಾನೇ? ಅವಳು ನಕ್ಷೆ ಮುಂದಿಟ್ಟುಕೊಂಡು ಕೇಳಿದಳು: "ಅಮ್ಮಾ, ಥೀಬ್ಸ್ ಗ್ರೀಸಿನ ಮಧ್ಯದಲ್ಲೇ ಇದೆ. ಅದಕ್ಯಾಕೆ ಪರ್ಷಿಯಾದ ಬಣ್ಣ ಹಚ್ಚಿದ್ದಾರೆ?" ಪ್ರಿಂಟ್ ತಪ್ಪಿರಬೇಕು ಎಂದೆ. ತಪ್ಪಲ್ಲವಂತೆ. ಈಗ ನೀವೇ ಹೇಳಿ, ಒಂದಾದರು ಅನ್ನೋದು ನಿಜವೇ, ಇಲ್ಲ ನಾವು ಓದಿದ್ದೆಲ್ಲ ಸುಮ್ನೆನಾ?

ಬೆಣ್ಣೆದೋಸೆ
ಸುಮ್ನೆ. ಮುಂದಿನ ಪ್ರಶ್ನೆ.

ನಿವೃತ್ತ_ಮೇಷ್ಟ್ರು
ದೋಸೆಯವರೇ, ಹಾಗೆ ಒಂದೇ ಮಾತಲ್ಲಿ ಮಗುಚಿ ಹಾಕಬೇಡಿ.

ತುಂಗೆಯವರೇ, ಆಗ ಗ್ರೀಸ್ ಎಂಬ ದೇಶವೇ ಇರಲಿಲ್ಲ. ಇದ್ದದ್ದು ನೂರಾರು ಊರುಗಳು. ಒಂದೊಂದಕ್ಕೂ ಅದರದೇ ಕಾನೂನು, ಅದರದೇ ಸೈನ್ಯ. ತಿಂಗಳುಗಳ ಹೆಸರು ಕೂಡ ಊರಿಂದ ಊರಿಗೆ ಬೇರೆ. ಭಾಷೆ, ದೇವರು, ಒಲಿಂಪಿಯಾದ ಜಾತ್ರೆ ಬಿಟ್ಟರೆ ಅವರನ್ನು ಕಟ್ಟಿಹಾಕುವಂಥದ್ದು ಏನೂ ಇರಲಿಲ್ಲ.

ಥೀಬ್ಸ್ ಕಥೆ ಕೇಳಿ. ಅದರ ಪಕ್ಕದಲ್ಲೇ ಪ್ಲಟಿಯಾ ಎಂಬ ಚಿಕ್ಕ ಊರು. ಬೆಳಿಗ್ಗೆ ಥೀಬ್ಸ್ ಬಿಟ್ಟರೆ ಮಧ್ಯಾಹ್ನದ ಊಟದ ಹೊತ್ತಿಗೆ ನಡೆದೇ ಮುಟ್ಟಬಹುದು. ಸುತ್ತಲಿನ ಊರೆಲ್ಲ ತನ್ನ ಮಾತು ಕೇಳಬೇಕು ಅನ್ನುವುದು ಥೀಬ್ಸಿನ ಹಟ. ಪ್ಲಟಿಯಾ ಒಪ್ಪಲಿಲ್ಲ. ಸ್ಪಾರ್ಟಾದ ಹತ್ತಿರ ಹೋಗಿ ಕೈ ಮುಗಿಯಿತು. "ನಾವು ದೂರದವರು, ಅಥೆನ್ಸಿನವರನ್ನು ಕೇಳಿ" ಎಂದು ಸ್ಪಾರ್ಟಾ ಸಾಗಹಾಕಿತು. ಅಥೆನ್ಸಿಗೂ ಥೀಬ್ಸಿಗೂ ಬೆಂಕಿ ಹತ್ತಿಕೊಳ್ಳಲಿ ಎಂದೇ ಹಾಗೆ ಹೇಳಿದ್ದು ಎಂದು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆಯುತ್ತಾನೆ. ಹತ್ತಿಕೊಂಡಿತು ಕೂಡ. ಮ್ಯಾರಥಾನಿನಲ್ಲಿ ಅಥೆನ್ಸಿನ ಪಕ್ಕ ನಿಂತ ಒಂದೇ ಒಂದು ಊರು ಪ್ಲಟಿಯಾ. ಹತ್ತು ವರ್ಷ ಬಿಟ್ಟು ಪರ್ಷಿಯಾದ ದೊರೆ ಡೇರಿಯಸ್‌ನ ಮಗ ಜೆರ್ಕ್ಸಿಸ್ ಬಂದಾಗ ಥೀಬ್ಸ್ ಯಾರ ಕಡೆ ಹೋಗಬೇಕಿತ್ತು? ನೀವೇ ಹೇಳಿ.

ಹುಬ್ಳಿ_ಮಂದಿ
ಅಂದ್ರ ಇದು ದಾಯಾದಿ ಜಗಳರೀ ಮೇಷ್ಟ್ರ. ಬದುವಿನ ಜಗಳಕ್ಕ ಪರದೇಶದ ರಾಜಾನ್ನ ಕರ್ಕೊಂಡು ಬಂದಂಗಾತು.

ರಾತ್ರಿಪಾಳಿ
ಅದಕ್ಕಿಂತ ಚಂದದ್ದು ಇದೆ. ಫೋಕಿಸ್ ಮತ್ತು ಥೆಸ್ಸಲಿ ಅಕ್ಕಪಕ್ಕದವರು, ಹಾವು ಮುಂಗುಸಿ. ಥೆಸ್ಸಲಿ ಪರ್ಷಿಯಾ ಕಡೆ ಹೋಯಿತು. ಫೋಕಿಸ್ ಗ್ರೀಕರ ಕಡೆ ಉಳಿಯಿತು. ಯಾಕೆ ಉಳಿಯಿತು ಗೊತ್ತಾ? ಹೆರೊಡೋಟಸ್ ಸೀದಾ ಬರೆದಿದ್ದಾನೆ: ಥೆಸ್ಸಲಿಯವರ ಮೇಲಿನ ದ್ವೇಷ ಒಂದೇ ಕಾರಣ. ಅವರು ಗ್ರೀಕರ ಕಡೆ ಇದ್ದಿದ್ದರೆ ಇವರು ಪರ್ಷಿಯಾ ಕಡೆ ಇರುತ್ತಿದ್ದರು, ಅಂತ ಅವನದೇ ಅಭಿಪ್ರಾಯ.

ದೇಶಪ್ರೇಮ ಅಂದುಕೊಂಡು ಓದಿದ್ದೆ ನಾನು.

ಸುಳಿಗಾಳಿ
ಆರ್ಗೋಸ್ ಬಿಟ್ರಿ. ಆರ್ಗೋಸ್ ತಟಸ್ಥ. ಮೂವತ್ತು ವರ್ಷದ ಶಾಂತಿ ಒಪ್ಪಂದ ಮಾಡಿಕೊಳ್ಳಿ, ಸೈನ್ಯದ ಯಜಮಾನಿಕೆಯಲ್ಲಿ ಅರ್ಧ ನಮಗೆ ಕೊಡಿ, ಆಮೇಲೆ ಬರುತ್ತೇವೆ ಅಂದರು. ಸ್ಪಾರ್ಟಾ ಒಪ್ಪಲಿಲ್ಲ, ಇವರು ಬರಲಿಲ್ಲ.

ಬೆಣ್ಣೆದೋಸೆ
ಯುದ್ಧ ಬಾಗಿಲಿಗೆ ಬಂದಿದೆ, ಇವರಿಗೆ ಕುರ್ಚಿ ಚಿಂತೆ.

ಸುಳಿಗಾಳಿ
@ಬೆಣ್ಣೆದೋಸೆ ಹಾಗಲ್ಲ ಗುರು, ಅವರ ಕಡೆಯಿಂದಲೂ ನೋಡು. ಅದಕ್ಕೆ ಸ್ವಲ್ಪ ವರ್ಷ ಮೊದಲಷ್ಟೇ ಸ್ಪಾರ್ಟಾದ ದೊರೆ ಕ್ಲಿಯೊಮೆನಿಸ್ ಆರ್ಗೋಸಿನ ಸೈನ್ಯವನ್ನು ಸೋಲಿಸಿ, ತಪ್ಪಿಸಿಕೊಂಡು ದೇವರ ಬನಕ್ಕೆ ನುಗ್ಗಿದವರ ಸಮೇತ ಬನಕ್ಕೇ ಬೆಂಕಿ ಹಾಕಿಸಿದ್ದ. ಸತ್ತವರು 6,000 ಎಂದು ಆರ್ಗೋಸಿನವರೇ ಲೆಕ್ಕ ಕೊಟ್ಟಿದ್ದಾರೆ. ಒಂದು ತಲೆಮಾರಿನ ಗಂಡಸರೇ ಇಲ್ಲ. ಅಂಥವರು ಸ್ಪಾರ್ಟಾದ ಕೈಕೆಳಗೆ ಯಾಕೆ ನಿಲ್ಲಬೇಕು?

ಅಕ್ಕಿರೊಟ್ಟಿ
ಎಲ್ಲ ಸರಿ, ಆದರೆ ಥರ್ಮೊಪಿಲೆಯ ಮುನ್ನೂರು ಜನ? ಅದೂ ಸುಳ್ಳು ಅನ್ನಬೇಡಿ ಪ್ಲೀಸ್. ಕಾಲೇಜಿನಲ್ಲಿ ಗೋಡೆ ಮೇಲೆ ಪೋಸ್ಟರ್ ಹಚ್ಚಿಕೊಂಡಿದ್ದೆ.

ನಿವೃತ್ತ_ಮೇಷ್ಟ್ರು
ಸುಳ್ಳಲ್ಲ, ಅರ್ಧ. ಸ್ಪಾರ್ಟಾದ ದೊರೆ ಲಿಯೊನಿಡಾಸ್‌ನ ಜೊತೆ ಕಣಿವೆಯಲ್ಲಿ ಮೊದಲು ಸುಮಾರು ಏಳು ಸಾವಿರ ಜನ ಇದ್ದರು. ಎಫಿಯಾಲ್ಟಿಸ್ ಎಂಬವನು ಪರ್ಷಿಯನ್ನರಿಗೆ ಗುಡ್ಡದ ಕಾಲುದಾರಿ ತೋರಿಸಿಕೊಟ್ಟ ಮೇಲೆ ಹೆಚ್ಚಿನವರು ವಾಪಸ್ ಹೋದರು. ಮುನ್ನೂರು ಸ್ಪಾರ್ಟನ್ನರು ಉಳಿದರು. ಅವರ ಜೊತೆ ಥೆಸ್ಪಿಯಾ ಎಂಬ ಊರಿನ 700 ಜನ ತಾವಾಗಿಯೇ ಉಳಿದರು, ಎಲ್ಲರೂ ಸತ್ತರು. ಸ್ಪಾರ್ಟನ್ನರ ಎರಡರಷ್ಟಕ್ಕಿಂತ ಜಾಸ್ತಿ! ಪೋಸ್ಟರ್ ಯಾರದಿತ್ತು?

ಆಮೇಲೆ ಜೆರ್ಕ್ಸಿಸ್ ಥೆಸ್ಪಿಯಾವನ್ನು ಸುಟ್ಟುಹಾಕಿದ. ಮರುವರ್ಷ ಪ್ಲಟಿಯಾದ ಯುದ್ಧಕ್ಕೆ ಅದೇ ಊರಿನಿಂದ 1,800 ಜನ ಬಂದರು. ಮೈಮೇಲೆ ಕವಚ ಇಲ್ಲ. ಇದ್ದಬದ್ದದ್ದೆಲ್ಲ ಹೋಗಿತ್ತು. ಆದರೂ ಬಂದರು. ನನಗೆ ಈ ಇಡೀ ಕಥೆಯಲ್ಲಿ ಕಣ್ಣು ತುಂಬಿ ಬರುವುದು ಅಲ್ಲೇ.

ಮ್ಯೂನಿಕ್_ಮಲ್ಲಿಗೆ
ಥೆಸ್ಪಿಯಾದವರಿಗೆ ಅಲ್ಲಿ ಸ್ಮಾರಕ ಎದ್ದದ್ದು 1997ರಲ್ಲಿ. ಲಿಯೊನಿಡಾಸ್‌ನ ಪ್ರತಿಮೆ 1955ರಲ್ಲೇ ಬಂದಿತ್ತು. ನಾನು ಎರಡೂ ನೋಡಿದ್ದೇನೆ. ಕಣಿವೆ ಹುಡುಕಿಕೊಂಡು ಹೋದವಳಿಗೆ ನಿರಾಸೆ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಸಮುದ್ರ ಇರಬೇಕಲ್ವಾ? ಸಮುದ್ರವೇ ಇಲ್ಲ. ನದಿ ಹೂಳು ತಂದು ಹಾಕಿ ಹಾಕಿ ದಡ ಕಿಲೋಮೀಟರುಗಟ್ಟಲೆ ಹಿಂದೆ ಸರಿದಿದೆ. ಈಗ ಅಲ್ಲಿರುವುದು ಹೊಲ, ಹೆದ್ದಾರಿ, ಲಾರಿ. ಬಿಸಿನೀರಿನ ಬುಗ್ಗೆ ಮಾತ್ರ ಇನ್ನೂ ಇದೆ, ಗಂಧಕದ ವಾಸನೆ. ಥರ್ಮೊಪಿಲೆ ಅಂದರೆ ಬಿಸಿ ಬಾಗಿಲು ಎಂದೇ ಅರ್ಥ.

ಓಡುವ_ಕಾಲು
ಸ್ವಲ್ಪ ಆಚೆ ಹೋಗುತ್ತೇನೆ, ಕ್ಷಮಿಸಿ. ಮ್ಯಾರಥಾನ್ ಗೆದ್ದ ಸುದ್ದಿ ಹೇಳಲು ಒಬ್ಬ 42 ಕಿ.ಮೀ. ಓಡಿ "ಗೆದ್ದೆವು" ಎಂದು ಹೇಳಿ ಸತ್ತನಲ್ಲ, ಅವನ ಹೆಸರು ಮಗಳ ಭಾಷಣಕ್ಕೆ ಸೇರಿಸಿ. ನಾನೂ ಓಡುವವನು, ಅಭಿಮಾನ.

ರಾತ್ರಿಪಾಳಿ
ಸೇರಿಸಬೇಡಿ! ಹೆರೊಡೋಟಸ್ ಆ ಓಟದ ಸುದ್ದಿಯನ್ನೇ ಎತ್ತುವುದಿಲ್ಲ. ಅದು ಐದಾರು ನೂರು ವರ್ಷ ಬಿಟ್ಟು ಬಂದವರ ಬರವಣಿಗೆಯಲ್ಲಿ ಸಿಗುವುದು. ಹೆರೊಡೋಟಸ್ ಹೇಳುವ ಓಟ ಬೇರೆ. ಯುದ್ಧಕ್ಕೆ ಮೊದಲು ಫಿಡಿಪ್ಪಿಡಿಸ್ ಅಥೆನ್ಸಿನಿಂದ ಸ್ಪಾರ್ಟಾಕ್ಕೆ ಸಹಾಯ ಕೇಳಲು ಓಡಿದ್ದು. ಸುಮಾರು 240 ಕಿ.ಮೀ., ಮಾರನೇ ದಿನವೇ ಮುಟ್ಟಿದ್ದ. ಹುಣ್ಣಿಮೆ ಕಳೆಯುವ ತನಕ ಹೊರಡುವ ಹಾಗಿಲ್ಲ ಎಂದರಂತೆ ಸ್ಪಾರ್ಟಾದವರು. ಹೊರಟು ಬರುವಷ್ಟರಲ್ಲಿ ಯುದ್ಧ ಮುಗಿದಿತ್ತು. ಹೆಣ ನೋಡಿ, ಭೇಷ್ ಎಂದು ಹೇಳಿ ಮನೆಗೆ ಹೋದರು.

ಓಡುವ_ಕಾಲು
240 ಕಿ.ಮೀ. ಓಡಿ ಬಂದವನಿಗೆ ಪಂಚಾಂಗ ತೋರಿಸಿದರಾ? ಅವನು ಸಾಯದೇ ಇದ್ದದ್ದೇ ಹೆಚ್ಚು. ಬೆಂಗಳೂರಲ್ಲಿ 10 ಕಿ.ಮೀ. ಓಡಿದವರೂ "ಮ್ಯಾರಥಾನ್ ಮಾಡಿದೆ" ಅಂತಾರೆ, ಅದೊಂದು ಬೇರೆ ಸಂಕಟ.

ಹುಬ್ಳಿ_ಮಂದಿ
10 ಓಡಾಕ ಬರ್ರಿ ಮೊದಲ, ಆಮೇಲೆ ಸಂಕಟ ಪಡೂಣು.

ಸಂಖ್ಯಾಪ್ರಿಯ
ಮೂಲ ಪ್ರಶ್ನೆಗೆ ಲೆಕ್ಕದಲ್ಲಿ ಉತ್ತರ ಕೊಡುತ್ತೇನೆ. ಜೆರ್ಕ್ಸಿಸ್‌ನ ಹಡಗುಗಳ ಪಟ್ಟಿ ಹೆರೊಡೋಟಸ್ ಕೊಟ್ಟಿದ್ದಾನೆ. ಅದರಲ್ಲಿ ಗ್ರೀಕ್ ಊರುಗಳು ಕೊಟ್ಟದ್ದು: ಏಷ್ಯಾ ದಡದ ಅಯೋನಿಯಾ 100, ಹೆಲೆಸ್ಪಾಂಟ್ ಕಡೆಯವರು 100, ಈಯೋಲಿಯಾ 60, ಏಷ್ಯಾದ ಡೋರಿಯನ್ನರು 30, ದ್ವೀಪಗಳು 17. ಒಟ್ಟು 307. ಸಲಾಮಿಸ್‌ನಲ್ಲಿ ಗ್ರೀಕರ ಕಡೆ ಇದ್ದದ್ದು ಸುಮಾರು 380. ಅಂದರೆ ಎರಡೂ ಕಡೆ ಗ್ರೀಕರೇ ಹುಟ್ಟು ಹಾಕುತ್ತಿದ್ದರು.

ಅಥೆನ್ಸಿನ ನಾಯಕ ಥೆಮಿಸ್ಟೊಕ್ಲಿಸ್ ಇದಕ್ಕೊಂದು ಉಪಾಯ ಮಾಡಿದ. ಪರ್ಷಿಯಾದ ಹಡಗುಗಳು ಕುಡಿಯುವ ನೀರಿಗೆ ನಿಲ್ಲುವ ಕಡೆಯೆಲ್ಲ ಬಂಡೆಯ ಮೇಲೆ ಬರೆಸಿದ. "ಅಯೋನಿಯಾದವರೇ, ನಿಮ್ಮ ಹಿರಿಯರ ನಾಡಿನ ಮೇಲೆ ಯುದ್ಧಕ್ಕೆ ಬರುವುದು ಸರಿಯಲ್ಲ, ನಮ್ಮ ಕಡೆ ಬನ್ನಿ, ಆಗದಿದ್ದರೆ ಬೇಕಂತಲೇ ಸರಿಯಾಗಿ ಕಾದಾಡಬೇಡಿ" ಎಂಬ ಅರ್ಥದಲ್ಲಿ. ಅವರು ಓದಿ ಬಂದರೆ ಲಾಭ. ಬಾರದಿದ್ದರೂ ಜೆರ್ಕ್ಸಿಸ್‌ಗೆ ಅವರ ಮೇಲೆ ಅನುಮಾನ ಹುಟ್ಟುತ್ತದಲ್ಲ, ಅದೂ ಲಾಭ.

ಅಕ್ಕಿರೊಟ್ಟಿ
ಪಕ್ಕಾ ರಾಜಕಾರಣಿ.

ಸಂಖ್ಯಾಪ್ರಿಯ
ಪಕ್ಕಾ. ಆ ಹಡಗುಗಳನ್ನು ಕಟ್ಟಿಸಿದ್ದೂ ಹಾಗೆಯೇ. ಅಥೆನ್ಸಿನ ಹತ್ತಿರ ಲಾರಿಯನ್ ಎಂಬಲ್ಲಿ ಬೆಳ್ಳಿ ಗಣಿ ಇತ್ತು, ಒಳ್ಳೆಯ ಇಳುವರಿ ಬಂತು. ತಲೆಗೆ ಹತ್ತು ದ್ರಾಕ್ಮಾದಂತೆ (ಅವರ ಬೆಳ್ಳಿ ನಾಣ್ಯ) ಹಂಚಿಬಿಡೋಣ ಎಂದು ಜನ ಹೊರಟಿದ್ದರು. ಇವನು ಬೇಡ, ಹಡಗು ಕಟ್ಟೋಣ ಅಂದ. ಪರ್ಷಿಯಾ ಬರುತ್ತೆ ಅಂದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅದಕ್ಕೆ ಎದುರಿಗೇ ಕಾಣುವ ಈಜಿನಾ ದ್ವೀಪ ತೋರಿಸಿದ. ಅಥೆನ್ಸಿಗೂ ಈಜಿನಾಕ್ಕೂ ಆಗ ಯುದ್ಧ ನಡೆಯುತ್ತಲೇ ಇತ್ತು. ಪಕ್ಕದ ಊರಿನ ಮೇಲಿನ ಸಿಟ್ಟಿಗೆ ಜನ ಕೈಗೆ ಬಂದ ದುಡ್ಡು ಬಿಟ್ಟುಕೊಟ್ಟರು! ಪರ್ಷಿಯಾವನ್ನು ಮುಳುಗಿಸಿದ್ದು ಆ ಹಡಗುಗಳೇ. ಸಲಾಮಿಸ್‌ನಲ್ಲಿ ಶೌರ್ಯಕ್ಕೆ ಮೊದಲ ಬಹುಮಾನ ಯಾರಿಗೆ ಸಿಕ್ಕಿತು ಗೊತ್ತಾ? ಈಜಿನಾಕ್ಕೆ.

ತುಂಗೆ_ದಡ
ಅಯ್ಯೋ, ಇದು ಐದು ನಿಮಿಷದಲ್ಲಿ ಮುಗಿಯಲ್ಲ. ಮುಂದುವರಿಸಿ, ನಾನು ಬರೆದುಕೊಳ್ಳುತ್ತಿದ್ದೇನೆ. ಒಂದು ಹಡಗಿಗೆ ಎಷ್ಟು ಜನ?

ಸಂಖ್ಯಾಪ್ರಿಯ
170 ಜನ ಹುಟ್ಟು ಹಾಕುವವರು, ಒಂದರ ಮೇಲೊಂದರಂತೆ ಮೂರು ಸಾಲಿನಲ್ಲಿ. ಉಳಿದವರು ಸೇರಿ 200. ಅಥೆನ್ಸಿನ ಹಡಗಿನಲ್ಲಿ ಬಹುಪಾಲು ಬಡ ಕೂಲಿಕಾರರು, ಸಿನಿಮಾದಲ್ಲಿ ತೋರಿಸುವ ಹಾಗೆ ಸರಪಳಿ ಹಾಕಿದ ಗುಲಾಮರಲ್ಲ. ಒಬ್ಬೊಬ್ಬನದೂ ಒಂದು ಹುಟ್ಟು, ಅದನ್ನು ಕಟ್ಟುವ ಹಗ್ಗ, ಕೂರಲು ಒಂದು ದಿಂಬು. ಮುಂದೊಂದು ಯುದ್ಧದಲ್ಲಿ ಸ್ಪಾರ್ಟಾ ಕಡೆಯ ಅಂಬಿಗರು ಇವಿಷ್ಟನ್ನೂ ಹೊತ್ತುಕೊಂಡು ಒಂದು ಬಂದರಿನಿಂದ ಇನ್ನೊಂದಕ್ಕೆ ನಡೆದು ಹೋದದ್ದನ್ನು ಇನ್ನೊಬ್ಬ ಇತಿಹಾಸಕಾರ ಥುಸಿಡಿಡಿಸ್ ಬರೆದಿದ್ದಾನೆ. ನನಗೆ ಆ ದಿಂಬು ತುಂಬಾ ಇಷ್ಟ.

ಪುರಾವೆ_ಎಲ್ಲಿ
ಎಲ್ಲರೂ ಹೆರೊಡೋಟಸ್ ಹೆರೊಡೋಟಸ್ ಅಂತಿದ್ದೀರಿ. ಜೆರ್ಕ್ಸಿಸ್ ಜೊತೆ 17 ಲಕ್ಷ ಕಾಲಾಳು ಬಂದಿತ್ತು ಅಂದವನು ಅವನೇ! ಲೆಕ್ಕ ಹಾಕಿದ ರೀತಿ ಕೇಳಿ. ಹತ್ತು ಸಾವಿರ ಜನರನ್ನು ಒತ್ತಾಗಿ ನಿಲ್ಲಿಸಿ, ಸುತ್ತ ಗೆರೆ ಎಳೆದು, ಹೊಕ್ಕುಳ ಎತ್ತರಕ್ಕೆ ಗೋಡೆ ಕಟ್ಟಿ, ಅದರೊಳಗೆ ಸೈನ್ಯವನ್ನು ತುಂಬಿಸಿ ತುಂಬಿಸಿ ಎಣಿಸಿದರಂತೆ. ಕೊಳಗದಲ್ಲಿ ಭತ್ತ ಅಳೆದ ಹಾಗೆ. 170 ಸಲ. ಅಷ್ಟು ಜನಕ್ಕೆ ನೀರು ಎಲ್ಲಿಂದ? ಈಗಿನ ವಿದ್ವಾಂಸರು ಅದರ ಹತ್ತರಲ್ಲಿ ಒಂದು ಪಾಲು ಒಪ್ಪುವುದೂ ಕಷ್ಟ.

ಪರ್ಷಿಯಾದವರು ಏನು ಹೇಳುತ್ತಾರೆ ಅಂತ ಯಾರೂ ಕೇಳಲ್ಲ. ಸಿಕ್ಕಿರುವ ಅವರ ರಾಜಶಾಸನಗಳಲ್ಲಿ ಮ್ಯಾರಥಾನಿನ ಹೆಸರೇ ಇಲ್ಲ. ಅವರಿಗೆ ಅದು ಗಡಿಯಂಚಿನ ಒಂದು ತಲೆನೋವು, ಅಷ್ಟೆ. ಸಿಂಧೂವಿನಿಂದ ಈಜಿಪ್ಟ್ ತನಕ ಆಳುತ್ತಿದ್ದವರು. ಯಾರ ದೇವರನ್ನೂ ಬಿಡಿ ಅನ್ನಲಿಲ್ಲ, ಯಾರ ಭಾಷೆಯನ್ನೂ ಮುಟ್ಟಲಿಲ್ಲ.

ರಾತ್ರಿಪಾಳಿ
@ಪುರಾವೆ_ಎಲ್ಲಿ ಸಂಖ್ಯೆ ವಿಷಯ ಒಪ್ಪಿದೆ. ಆದರೆ ಅಷ್ಟೊಂದು ಒಳ್ಳೆಯವರನ್ನಾಗಿ ಮಾಡಬೇಡಿ. ಅಯೋನಿಯಾದವರು ಕ್ರಿ.ಪೂ. 499ರಲ್ಲಿ ದಂಗೆ ಎದ್ದು ಸೋತ ಮೇಲೆ ಅವರ ಊರು ಮಿಲೆಟಸ್‌ಗೆ ಏನಾಯಿತು? 494ರಲ್ಲಿ ಗಂಡಸರನ್ನು ಬಹುಪಾಲು ಕೊಂದರು, ಹೆಂಗಸರು ಮಕ್ಕಳನ್ನು ಗುಲಾಮರನ್ನಾಗಿ ಮಾಡಿದರು, ಉಳಿದವರನ್ನು ಟೈಗ್ರಿಸ್ ನದಿಯ ಬಾಯಿಗೆ ಒಯ್ದು ಬಿಟ್ಟರು. ಅಥೆನ್ಸಿನಲ್ಲಿ ಈ ದುರಂತವನ್ನು ಫ್ರಿನಿಕಸ್ ಎಂಬವನು ನಾಟಕ ಮಾಡಿದ. ಇಡೀ ರಂಗಮಂದಿರ ಅತ್ತಿತು. ನಮ್ಮ ಮನೆಯ ಸಂಕಟವನ್ನು ನೆನಪಿಸಿದೆ ಎಂದು ಅವನಿಗೆ ಸಾವಿರ ದ್ರಾಕ್ಮಾ ದಂಡ! ಆ ನಾಟಕ ಮತ್ತೆ ಆಡಬಾರದು ಎಂದೂ ಕಟ್ಟಪ್ಪಣೆ.

ಪುರಾವೆ_ಎಲ್ಲಿ
ದಂಗೆಕೋರರು ಪರ್ಷಿಯಾದ ಕೈಯಲ್ಲಿದ್ದ ಸಾರ್ಡಿಸ್ ನಗರ ಸುಟ್ಟದ್ದು ಮೊದಲು. ಅಥೆನ್ಸ್ ಅದಕ್ಕೆ 20 ಹಡಗು ಕಳಿಸಿತ್ತು. ಯಾರು ಶುರು ಮಾಡಿದ್ದು?

ರಾತ್ರಿಪಾಳಿ
ಯಾರು ಶುರು ಮಾಡಿದ್ದು ಅಂತ ಹಿಂದೆ ಹೋಗುತ್ತಾ ಕೂತರೆ ಟ್ರಾಯ್ ತನಕ ಹೋಗಬೇಕು. ಹೆರೊಡೋಟಸ್ ಅದನ್ನೇ ಮಾಡಿದ್ದು, ಮೊದಲ ಪುಟದಲ್ಲೇ.

ಮ್ಯೂನಿಕ್_ಮಲ್ಲಿಗೆ
ಜಗಳದ ಮಧ್ಯೆ ಒಂದು ಚಿಕ್ಕ ವಿಷಯ. ಪರ್ಷಿಯಾದ ರಾಜಧಾನಿ ಪರ್ಸೆಪೊಲಿಸ್‌ನಲ್ಲಿ 1933ರಲ್ಲಿ ಸಾವಿರಾರು ಮಣ್ಣಿನ ಹಲಗೆಗಳು ಸಿಕ್ಕಿದವು. ಡೇರಿಯಸ್ ಕಾಲದ ಪಡಿ ಲೆಕ್ಕ. ಯಾರಿಗೆ ಎಷ್ಟು ಬಾರ್ಲಿ, ಎಷ್ಟು ದ್ರಾಕ್ಷಿ ಮದ್ಯ ಅಂತ. ಹೆಚ್ಚಿನವು ಎಲಮೈಟ್ ಭಾಷೆಯಲ್ಲಿವೆ. ಒಂದೇ ಒಂದು ಗ್ರೀಕಿನಲ್ಲಿದೆ. ಅದರಲ್ಲಿರುವುದು ಮದ್ಯ, ಎರಡು ಅಳತೆ, ತಿಂಗಳ ಹೆಸರು. ಅಷ್ಟೇ. ಯಾರೋ ಒಬ್ಬ ಗ್ರೀಕ್ ಗುಮಾಸ್ತ ರಾಜನ ಉಗ್ರಾಣದಲ್ಲಿ ಕೂತು ಲೆಕ್ಕ ಬರೆದಿದ್ದಾನೆ. ಇವನು ಯಾರ ಕಡೆ?

ಬಾಣಂತಿಯರಿಗೂ ಪಡಿ ಇತ್ತು. ಗಂಡು ಹೆತ್ತವಳಿಗೆ ಹೆಣ್ಣು ಹೆತ್ತವಳ ಎರಡರಷ್ಟು.

ತುಂಗೆ_ದಡ
ಆ ಕೊನೆಯ ಸಾಲನ್ನು ಮಗಳಿಗೆ ಹೇಳಲ್ಲ. ಹೇಳಿದರೆ ಭಾಷಣದ ವಿಷಯವೇ ಬದಲಾಗುತ್ತೆ.

ಹಳೆಶಾಸನ
ನಮ್ಮ ಕಡೆಯವರೂ ಆ ಯುದ್ಧದಲ್ಲಿದ್ದರು ಅಂತ ಯಾರೂ ಹೇಳಲೇ ಇಲ್ಲವಲ್ಲ! ಜೆರ್ಕ್ಸಿಸ್ ಸೈನ್ಯದಲ್ಲಿ ಭಾರತದವರು ಇದ್ದರು. ಹತ್ತಿ ಬಟ್ಟೆ, ಬೆತ್ತದ ಬಿಲ್ಲು, ಕಬ್ಬಿಣದ ಮೊನೆಯ ಬೆತ್ತದ ಬಾಣ. ಸಲಾಮಿಸ್ ಸೋತು ರಾಜ ವಾಪಸ್ ಹೋದಾಗ ಸೇನಾಪತಿ ಮರ್ಡೋನಿಯಸ್ ಆರಿಸಿ ಉಳಿಸಿಕೊಂಡವರಲ್ಲಿ ಅವರೂ ಇದ್ದರು. ಪ್ಲಟಿಯಾದ ಬಯಲಿನಲ್ಲಿ ಹತ್ತಿ ಬಟ್ಟೆ ಉಟ್ಟು ನಿಂತಿದ್ದರು.

ನಾವು ಯವನ ಅಂತೀವಲ್ಲ, ಅದು ಅಯೋನಿಯಾದಿಂದ ಬಂದ ಪದ. ಪರ್ಷಿಯಾದ ಶಾಸನದಲ್ಲಿ ಯೌನ.

ಹುಬ್ಳಿ_ಮಂದಿ
ನಮ್ಮ ಕಡೆಯವರು ಅಂದ್ರ ಧಾರವಾಡದವ್ರೇನ್ರೀ?

ಹಳೆಶಾಸನ
ಸಿಂಧೂ ಕಡೆಯವರು. ಆದರೆ ಗ್ರೀಕರ ಜೊತೆ ಕನ್ನಡಕ್ಕೂ ನಂಟಿದೆ. ಈಜಿಪ್ಟಿನಲ್ಲಿ ಸಿಕ್ಕಿದ ಗ್ರೀಕ್ ಪ್ರಹಸನದಲ್ಲಿ...

ಪುರಾವೆ_ಎಲ್ಲಿ
ಬಂತು ನೋಡಿ. ಈ ವೇದಿಕೆಯಲ್ಲಿ ಯಾವ ಚರ್ಚೆ ಶುರುವಾದರೂ ಇಪ್ಪತ್ತೈದನೇ ಉತ್ತರಕ್ಕೆ ಆ ಪ್ರಹಸನ ಬರೆದ ಪಪೈರಸ್ (ಜೊಂಡಿನ ಹಾಳೆ) ಬರಲೇಬೇಕು. ಅದು ಕ್ರಿ.ಶ. 2ನೇ ಶತಮಾನದ್ದು, ಇಲ್ಲಿ ಮಾತಾಡುತ್ತಿರುವುದಕ್ಕೂ ಅದಕ್ಕೂ ಆರು ನೂರು ವರ್ಷದ ಅಂತರ. ಅದರಲ್ಲಿರುವುದು ಕನ್ನಡವೇ ಎಂಬುದನ್ನು ಎಲ್ಲರೂ ಒಪ್ಪಿಯೂ ಇಲ್ಲ.

ಹಳೆಶಾಸನ
ಶಾಮಶಾಸ್ತ್ರಿಗಳು ಒಪ್ಪಿದ್ದಾರೆ, ಗೋವಿಂದ ಪೈಗಳು ಬರೆದಿದ್ದಾರೆ. ನೀವು ಒಪ್ಪದಿದ್ದರೆ ಅವರಿಗೇನೂ ನಷ್ಟ ಇಲ್ಲ.

ನಿರ್ವಾಹಕ
ಪಪೈರಸ್‌ಗೆ ಬೇರೆ ಎಳೆ ಇದೆ, ದಯವಿಟ್ಟು ಅಲ್ಲಿಗೆ ಹೋಗಿ.

ಅಕ್ಕಿರೊಟ್ಟಿ
ಹಾಗಾದರೆ ಪರ್ಷಿಯಾದ ವಿರುದ್ಧ ನಿಂತ ಆ 31 ಊರಿನ ಮಾತೇನು? ಎಲ್ಲೋ ಓದಿದ್ದೆ, ಪಟ್ಟಿಯೇ ಇದೆ ಅಂತ.

ಮ್ಯೂನಿಕ್_ಮಲ್ಲಿಗೆ
ಇದೆ, ಇಸ್ತಾಂಬುಲ್‌ನಲ್ಲಿ. ಗೆದ್ದ ಮೇಲೆ ಲೂಟಿಯ ಒಂದು ಪಾಲಿನಿಂದ ಡೆಲ್ಫಿಯ ದೇವರಿಗೆ ಕಂಚಿನ ಕಂಬ ಮಾಡಿಸಿದರು. ಮೂರು ಹಾವು ಹೆಣೆದುಕೊಂಡ ಹಾಗೆ. ಆ ಸುರುಳಿಗಳ ಮೇಲೆ 31 ಊರುಗಳ ಹೆಸರು. ಕಾನ್‌ಸ್ಟಂಟೈನ್ ದೊರೆ ಅದನ್ನು ತನ್ನ ಹೊಸ ರಾಜಧಾನಿಗೆ ಸಾಗಿಸಿದ. ನಮ್ಮ ಗೈಡ್ ಪಕ್ಕದ ಈಜಿಪ್ಟಿನ ಕಲ್ಲುಕಂಬ ತೋರಿಸಿ ಇದನ್ನು ಬಿಟ್ಟೇ ಹೋದ. ನಾನೇ ಹಿಂದೆ ಉಳಿದು ನೋಡಿದೆ. ಈಗಿನ ನೆಲಕ್ಕಿಂತ ಕೆಳಗೆ, ಬೇಲಿ ಹಾಕಿದ ಗುಂಡಿಯಲ್ಲಿ ನಿಂತಿದೆ. ಹಸಿರು ಹಿಡಿದ ಕಂಚು, ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡಿದೆ. ಹಾವಿನ ತಲೆಗಳಿಲ್ಲ. ಒಂದರ ಮೇಲ್ದವಡೆ ಮಾತ್ರ ಅಲ್ಲೇ ಹತ್ತಿರದ ಮ್ಯೂಸಿಯಮ್ಮಿನಲ್ಲಿದೆ.

ನೂರಾರು ಊರುಗಳಲ್ಲಿ ಹೆಸರು ಇರುವುದು 31.

ನಿವೃತ್ತ_ಮೇಷ್ಟ್ರು
ಆ ಕಂಬದಲ್ಲೂ ಜಗಳ ಇದೆ. ಪ್ಲಟಿಯಾದಲ್ಲಿ ಗೆದ್ದ ಸೇನಾಪತಿ ಸ್ಪಾರ್ಟಾದ ಪೌಸಾನಿಯಸ್, ತಾನೇ ಗೆದ್ದೆ ಎಂದು ತನ್ನ ಹೆಸರನ್ನು ಮೊದಲು ಕೆತ್ತಿಸಿದ್ದ. ಸ್ಪಾರ್ಟಾದವರೇ ಅದನ್ನು ಅಳಿಸಿ ಊರುಗಳ ಹೆಸರು ಹಾಕಿಸಿದರು. ಮುಂದೆ ಅವನ ಮೇಲೆ ಪರ್ಷಿಯಾದ ಜೊತೆ ಒಳಸಂಚು ಎಂಬ ಆರೋಪ ಬಂತು. ಗುಡಿಯೊಳಗೆ ಹೊಕ್ಕವನನ್ನು ಬಾಗಿಲಿಗೆ ಗೋಡೆ ಕಟ್ಟಿ ಉಪವಾಸ ಕೆಡವಿದರು. ಥೆಮಿಸ್ಟೊಕ್ಲಿಸ್‌ನನ್ನು ಅಥೆನ್ಸಿನವರು ಊರು ಬಿಡಿಸಿದರು. ಅವನು ಎಲ್ಲಿಗೆ ಹೋದ ಹೇಳಿ? ಜೆರ್ಕ್ಸಿಸ್‌ನ ಮಗನ ಹತ್ತಿರ! ಮ್ಯಾಗ್ನೀಸಿಯಾ ಎಂಬ ಊರನ್ನು ಅವನಿಗೆ ಉಂಬಳಿ ಕೊಟ್ಟರು. ಅಲ್ಲೇ ಸತ್ತ.

ಬೆಣ್ಣೆದೋಸೆ
ನಾನು ಮೊದಲೇ ಹೇಳಿದ್ದೆ. ಸುಮ್ನೆ.

ಸುಳಿಗಾಳಿ
ಸುಮ್ನೆ ಅಲ್ಲ ಮಾರಾಯ. 31 ಊರು ಕಚ್ಚಾಡುತ್ತಲೇ ಎರಡು ವರ್ಷ ಜೊತೆಗೆ ನಿಂತವಲ್ಲ, ಅದು ಕಡಿಮೆನಾ? ಸಲಾಮಿಸ್‌ನ ಹಿಂದಿನ ದಿನ ಕೊರಿಂಥಿನ ನಾಯಕ ಥೆಮಿಸ್ಟೊಕ್ಲಿಸ್‌ಗೆ "ಊರಿಲ್ಲದವನು ಬಾಯಿ ಮುಚ್ಚು" ಅನ್ನುವ ಹಾಗೆ ಮಾತಾಡಿದ. ಅಥೆನ್ಸ್ ಆಗಷ್ಟೇ ಸುಟ್ಟುಹೋಗಿತ್ತು! ಇವನು, 200 ಹಡಗು ಇರುವ ತನಕ ನಮಗೆ ಊರಿದೆ, ನೀವು ಕಾದಾಡದಿದ್ದರೆ ಹೆಂಡತಿ ಮಕ್ಕಳನ್ನು ಹತ್ತಿಸಿಕೊಂಡು ಇಟಲಿಗೆ ಹೋಗುತ್ತೇವೆ ಎಂದು ಹೆದರಿಸಿದ. ನಿಂತರು. ಹೀಗೆ ನಿಲ್ಲುವುದೂ ಒಂದಾಗುವುದೇ ಅಂತ ನನ್ನ ವಾದ.

ಪುರಾವೆ_ಎಲ್ಲಿ
ಎರಡು ವರ್ಷ ನಿಂತರು, ಸರಿ. ಮುಂದೆ ಅಥೆನ್ಸ್ ಸ್ಪಾರ್ಟಾ ಬಡಿದಾಡಿಕೊಂಡಾಗ ಸ್ಪಾರ್ಟಾದ ಹಡಗುಗಳಿಗೆ ದುಡ್ಡು ಕೊಟ್ಟವರು ಯಾರು? ಪರ್ಷಿಯಾ. ಕ್ರಿ.ಪೂ. 386ರಲ್ಲಿ ಏಷ್ಯಾದ ಗ್ರೀಕ್ ಊರುಗಳೆಲ್ಲ ನನ್ನವು ಎಂದು ಪರ್ಷಿಯಾದ ರಾಜ ಕಾಗದ ಕಳಿಸಿದ, ಎಲ್ಲರೂ ತಲೆಬಾಗಿ ಒಪ್ಪಿದರು. ಯುದ್ಧದಲ್ಲಿ ಸೋತದ್ದನ್ನು ಚಿನ್ನದಲ್ಲಿ ಗೆದ್ದ.

ರಾತ್ರಿಪಾಳಿ
ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಒಪ್ಪಿದೆ.

ಮಗಳ ಭಾಷಣಕ್ಕೆ ಹಿಪ್ಪಿಯಾಸ್ ಕಥೆ ಕೊಡಿ. ಅಥೆನ್ಸಿನ ಹಳೆಯ ಸರ್ವಾಧಿಕಾರಿ, ಊರಿಂದ ಓಡಿಸಿ ಇಪ್ಪತ್ತು ವರ್ಷ. ಮುದುಕನಾಗಿ ಪರ್ಷಿಯಾದ ಸೈನ್ಯಕ್ಕೆ ದಾರಿ ತೋರಿಸುತ್ತಾ ಮ್ಯಾರಥಾನಿಗೆ ಬಂದಿಳಿದ. ದಡದಲ್ಲಿ ಜೋರಾಗಿ ಸೀನು, ಕೆಮ್ಮು ಬಂತು. ಅಲುಗಾಡುತ್ತಿದ್ದ ಒಂದು ಹಲ್ಲು ಮರಳಿಗೆ ಬಿತ್ತು. ತಡಕಾಡಿದ, ಸಿಗಲೇ ಇಲ್ಲ. "ಈ ನೆಲ ನಮ್ಮದಾಗಲ್ಲ, ನನ್ನ ಪಾಲಿಗೆ ಬರಬೇಕಿದ್ದದ್ದನ್ನು ಈ ಹಲ್ಲೇ ತಗೊಂಡಿತು" ಎಂದು ನಿಟ್ಟುಸಿರಿಟ್ಟನಂತೆ.

ತುಂಗೆ_ದಡ
ಎಲ್ಲರಿಗೂ ಥ್ಯಾಂಕ್ಸ್. ಭಾಷಣ ಇವತ್ತು ಮುಗಿಯಿತು. "ಗ್ರೀಕರೆಲ್ಲ ಒಂದಾದರು" ಅನ್ನುವುದನ್ನು ತೆಗೆದು "ಮೂವತ್ತೊಂದು ಊರುಗಳು ಜಗಳ ಮುಂದಕ್ಕೆ ಹಾಕಿದವು" ಎಂದು ಅವಳೇ ಬದಲಿಸಿಕೊಂಡಳು. ಥೆಸ್ಪಿಯಾ, ಈಜಿನಾ, ಕಂಚಿನ ಕಂಬ ಎಲ್ಲ ಸೇರಿಸಿದ್ದಳು. ಕ್ಲಾಸಿನಲ್ಲಿ ಮಕ್ಕಳು ಪ್ರಶ್ನೆ ಕೇಳಿದ್ದು ಮಾತ್ರ ಹಲ್ಲಿನ ಬಗ್ಗೆ.

ಹುಬ್ಳಿ_ಮಂದಿ
ಸಿಕ್ತೇನ್ರೀ ಆಮ್ಯಾಲೆ?